ಹೇಳದೇ ಬಿಟ್ಟದ್ದನ್ನು ಓದುವುದು

2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದಮೇಲೆ ನಮ್ಮ ಜಯನಗರದಲ್ಲಿ ‘ಹಾರ್ಟ್ ಲ್ಯಾಂಪ್’ ಕೊಂಡವರು ಬಹಳ. ಯಾವ ಕತೆ ಹಿಡಿಸಿತು ಎಂದು ಕೇಳಿದರೆ ಮಾತು ಬಹುಮಾನದ ಮೊತ್ತಕ್ಕೆ ಹೊರಳುತ್ತದೆ. ಆ ಇಂಗ್ಲಿಷ್ ಪುಸ್ತಕದ 12 ಕತೆಗಳನ್ನು ಬಾನು ಮುಷ್ತಾಕ್ 1990 ಮತ್ತು 2023ರ ನಡುವೆ ಕನ್ನಡದಲ್ಲೇ ಬರೆದಿದ್ದರು. ಆಗ ಇವರೆಲ್ಲ ಎಲ್ಲಿದ್ದರು? ಬಹುಮಾನ ನೋಡಿ ಪುಸ್ತಕ ಹಿಡಿಯುವ ಈ ರುಚಿಯನ್ನು ಕಂಡರೆ ನನಗಾಗುವುದಿಲ್ಲ.

ನಾನು ಒಲಿಸಿಕೊಳ್ಳಬೇಕಾದವರು ಬೇರೆ ಇದ್ದಾರೆ. ‘ಮೂಲವನ್ನೇ ಓದಲು ಬರುವಾಗ ಇಂಗ್ಲಿಷ್ ಯಾಕೆ?’ ಎನ್ನುವವರು. ಇಂದಿರಾ ಚಂದ್ರಶೇಖರ್ 2010ರಲ್ಲಿ ಆರಂಭಿಸಿದ ‘ಔಟ್ ಆಫ್ ಪ್ರಿಂಟ್’, ನಮ್ಮೂರ ಹೆಸರನ್ನೇ ಹೊತ್ತ ‘ದ ಬ್ಯಾಂಗಲೋರ್ ರಿವ್ಯೂ’ ತರಹದ ಆನ್‌ಲೈನ್ ಸಾಹಿತ್ಯ ಪತ್ರಿಕೆಗಳನ್ನು ಇವರು ತೆರೆಯುವುದೇ ಇಲ್ಲ. ಆದರೆ ಅಲ್ಲಿ ಬರುವ ಅನುವಾದಗಳನ್ನು ತೂಗಿ ನೋಡಲು ಇವರಷ್ಟು ತಕ್ಕವರು ಯಾರೂ ಇಲ್ಲ.

ಯಾಕೆಂದರೆ ನಮ್ಮ ಮನೆಗಳಲ್ಲಿ, ನಮ್ಮ ಕತೆಗಳಲ್ಲಿ ಮುಖ್ಯವಾದದ್ದನ್ನು ಯಾರೂ ನೇರವಾಗಿ ಹೇಳುವುದಿಲ್ಲ. ಗಂಡ ಹೆಂಡತಿಯ ದನಿ ಏರಿದಾಗ ಅಡುಗೆಮನೆಯಿಂದ ಅತ್ತೆ ‘ಕಾಫಿ ಆರ್ತಾ ಇದೆ’ ಎಂದರೆ ಅದು ಕಾಫಿಯ ಮಾತಲ್ಲ. ಮಗ ಬಾಯಿ ಮುಚ್ಚುತ್ತಾನೆ, ಸೊಸೆ ಕಣ್ಣೊರೆಸಿಕೊಂಡು ಲೋಟ ಎತ್ತುತ್ತಾಳೆ. ಒಳ್ಳೆಯ ಅನುವಾದಕರು ಆ ಮಾತನ್ನು ಇದ್ದ ಹಾಗೇ ದಾಟಿಸುತ್ತಾರೆ. ಅಳುಕುವವರು ‘ಎಂದು ಅತ್ತೆ ಎಚ್ಚರಿಸಿದಳು’ ಅಂತ ಸೇರಿಸುತ್ತಾರೆ, ಕತೆ ಅಲ್ಲೇ ಸಾಯುತ್ತದೆ. ಓದುವಾಗ ಹುಡುಕಬೇಕಾದ್ದು ಈ ಸೇರಿಸಿದ ಮಾತನ್ನೇ. ‘ಹಾರ್ಟ್ ಲ್ಯಾಂಪ್’ನ ಅನುವಾದಕಿ ದೀಪಾ ಭಾಸ್ತಿ ಅದರಲ್ಲಿ ಅಡಿಟಿಪ್ಪಣಿ ಹಾಕಲಿಲ್ಲ, ನಮ್ಮ ಪದಗಳನ್ನು ಓರೆ ಅಕ್ಷರದಲ್ಲಿ ಎತ್ತಿ ತೋರಿಸಲೂ ಇಲ್ಲ. ಅದು ಓದುಗರ ಮೇಲಿಟ್ಟ ನಂಬಿಕೆ.

ನನ್ನ ಕಣ್ಣು ತೆರೆದದ್ದು ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಕಾದಂಬರಿಯಿಂದ. ಅವರ ‘ದೇಶಕಾಲ’ ಪತ್ರಿಕೆಯ ಸಂಚಿಕೆಗಳಿಗಾಗಿ ಕಾಯುತ್ತಿದ್ದ ದಿನಗಳಿಂದಲೂ ನಾನು ಅವರ ಓದುಗ. ಶ್ರೀನಾಥ್ ಪೆರೂರರ ಇಂಗ್ಲಿಷ್ ಅನುವಾದ ಬಂದಾಗ ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಕೂತೆ. ಬಡತನದ ದಿನಗಳ ಪುಟ್ಟ ಮನೆಗೆ ಇರುವೆ ಮುತ್ತುತ್ತವೆ. ಮನೆಯವರು ಕೊಲ್ಲಲು ತೊಡಗುತ್ತಾರೆ, ಬರಬರುತ್ತಾ ಅದರಲ್ಲೊಂದು ಹಟ ಸೇರಿಕೊಳ್ಳುತ್ತದೆ. ಆಮೇಲೆ ಚಿಕ್ಕಪ್ಪನ ಮಸಾಲೆ ವ್ಯಾಪಾರ ಕೈಹಿಡಿಯುತ್ತದೆ, ದೊಡ್ಡ ಮನೆ ಬರುತ್ತದೆ. ‘ನಾವು ಕ್ರೂರಿಗಳಾದೆವು’ ಎಂದು ನಿರೂಪಕ ಬಾಯಿಬಿಟ್ಟು ಹೇಳುವುದಿಲ್ಲ. ಪೆರೂರರೂ ಹೇಳಿಸುವುದಿಲ್ಲ. ಕನ್ನಡದಲ್ಲಿ ಎಲ್ಲಿ ಮೈ ಜುಮ್ಮೆಂದಿತ್ತೋ ಇಂಗ್ಲಿಷಿನಲ್ಲೂ ಅಲ್ಲೇ ಜುಮ್ಮೆಂದಿತು.

2004ರಲ್ಲಿ ಶುರುವಾದ ಜೆ.ಪಿ. ನಗರದ ರಂಗಶಂಕರದಲ್ಲಿ ನಾಟಕ ನೋಡುತ್ತಾ ಬಂದವರಿಗೆ ಹೀಗೆ ಹೇಳದೇ ಬಿಟ್ಟದ್ದನ್ನು ಓದುವುದು ಬೇಗ ಒಗ್ಗುತ್ತದೆ. ನಟ ಮಾತು ನಿಲ್ಲಿಸಿದ ಗಳಿಗೆಯಲ್ಲೇ ಅಲ್ಲಿ ದೃಶ್ಯ ತಿರುಗಿದ್ದನ್ನು ಎಷ್ಟೋ ಸಂಜೆ ಕಂಡಿದ್ದೇನೆ. ಡೈಲಾಗಿಗೆ ಮಾತ್ರ ಚಪ್ಪಾಳೆ ತಟ್ಟುವವರಿಗೆ ಆ ಗಳಿಗೆ ದಕ್ಕುವುದಿಲ್ಲ.

 

ನೀವೂ ಹೀಗೆ ಅಭ್ಯಾಸ ಮಾಡಿ: ಮೊದಲು ಮೂಲ ಗೊತ್ತಿರುವ ಕನ್ನಡ ಕತೆಯೊಂದರ ಅನುವಾದವನ್ನು ದನಿಯೆತ್ತಿ ಓದಿ. ಆಮೇಲೆ ನಿಮಗೆ ಬಾರದ ಭಾಷೆಯದು, ಬಂಗಾಳಿಯದೋ ಮಲಯಾಳದ್ದೋ, ಒಂದು ಕತೆ ತೆಗೆಯಿರಿ. ಪಾತ್ರ ಆಡದ ಮಾತನ್ನು ಅನುವಾದಕರು ಎಲ್ಲಿ ಆಡಿದ್ದಾರೆ ಎನ್ನುವುದು ಮೂಲದ ಒಂದಕ್ಷರ ನೋಡದೆಯೂ ನಿಮಗೆ ತಿಳಿಯುತ್ತದೆ.