ಅರ್ಧಕ್ಕೆ ಮಡಿಸಿಟ್ಟ ಪುಟ

ನಮ್ಮ ಶಾಲೆಯ ಪುಸ್ತಕದ ಬೀರುವಿನ ಕೀಲಿ ನನ್ನ ಬಳಿ ಇರುತ್ತದೆ. ಒಮ್ಮೆ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಕಾದಂಬರಿಯೊಂದನ್ನು ಹಿಂದಿರುಗಿಸುತ್ತಾ, "ಮಿಸ್, ಪೂರ್ತಿ ಓದಕ್ಕಾಗ್ಲಿಲ್ಲ, ಬಯ್ಯಬೇಡಿ" ಎಂದು ತಲೆ ತಗ್ಗಿಸಿದಳು. ನಾನು ಬಯ್ಯಲಿಲ್ಲ. "ಎಷ್ಟು ಪುಟ ಓದಿದೆ? ಯಾಕೆ ಬಿಟ್ಟೆ?" ಎಂದು ಕೇಳಿದೆ. ಮೊದಲನೆಯದಕ್ಕೆ ಥಟ್ಟನೆ ಉತ್ತರ ಬಂತು. ಎರಡನೆಯದಕ್ಕೆ ಬರಲಿಲ್ಲ. "ಯೋಚನೆ ಮಾಡಿ ಹೇಳು" ಎಂದು ಕಳಿಸಿದೆ. ಸಂಜೆ ಸಾರಿಗೆ ಒಗ್ಗರಣೆ ಹಾಕುವಾಗ ಅದೇ ಪ್ರಶ್ನೆ ನನ್ನ ಕಡೆಗೇ ತಿರುಗಿತು. ಇಷ್ಟು ವರ್ಷಗಳಲ್ಲಿ ನಾನು ಬಿಟ್ಟ ಪುಸ್ತಕಗಳನ್ನು ಯಾಕೆ ಬಿಟ್ಟೆ?

ನಾನು ಬೆಳೆದ ತಿಪಟೂರಿನ ಮನೆಯಲ್ಲಿ ಎಲೆಗೆ ಬಡಿಸಿದ್ದನ್ನು ಬಿಟ್ಟು ಏಳುವ ಹಾಗಿರಲಿಲ್ಲ. ಪುಸ್ತಕಕ್ಕೂ ಅದೇ ನಿಯಮ ಅಂದುಕೊಂಡಿದ್ದೆ. ಎಂಬತ್ತರ ದಶಕದಲ್ಲಿ ಬಾಡಿಗೆ ಲೈಬ್ರರಿಯಿಂದ ಕಾದಂಬರಿ ತಂದರೆ ದಿನಕ್ಕಿಷ್ಟು ಎಂದು ದುಡ್ಡು ಕೊಡಬೇಕಿತ್ತು. ಕೊಟ್ಟ ದುಡ್ಡಿಗಾದರೂ ಮುಗಿಸಲೇಬೇಕು! ಹಾಗೆ ಮುಗಿಸಿದ ಎಷ್ಟೋ ಕಾದಂಬರಿಗಳಲ್ಲಿ ನಾಯಕಿ ಮುನ್ನೂರು ಪುಟ ಅಳುತ್ತಿದ್ದಳು. ಕೊನೆಯ ಪುಟದಲ್ಲಿ ಗಂಡ ಬಂದು ತಲೆ ಸವರಿದರೆ ಎಲ್ಲವೂ ಸರಿಹೋಗುತ್ತಿತ್ತು. ಓದಿ ಮುಗಿಸಿದ ಮೇಲೆ ನನಗೇನೋ ಕಸಿವಿಸಿ. ಆದರೆ ಪುಸ್ತಕದಲ್ಲಿ ತಪ್ಪಿದೆ ಅನ್ನುವ ಧೈರ್ಯ ಬರಲಿಲ್ಲ. ಅಚ್ಚಾದದ್ದೆಲ್ಲ ನಿಜ, ತಾಳ್ಮೆ ಕಡಿಮೆಯಿರುವುದು ನನಗೇ ಎಂದು ನಂಬಿದ್ದೆ.

ಮದುವೆಯಾಗಿ ಕೆಲಸಕ್ಕೂ ಸೇರಿದ ಮೇಲೆ ಲೆಕ್ಕ ತಿಳಿಯಿತು. ಪಾತ್ರೆ ತೊಳೆದು, ನಾಳೆಯ ಪಾಠದ ಟಿಪ್ಪಣಿ ಬರೆದು ಮಲಗುವ ಮುಂಚೆ ಸಿಗುವುದು ಅರ್ಧ ಗಂಟೆ. ಅಷ್ಟರಲ್ಲಿ 15 ಪುಟ. 300 ಪುಟದ ಪುಸ್ತಕಕ್ಕೆ 20 ರಾತ್ರಿ. ಒಂದು ರಾತ್ರಿಯೂ ತಪ್ಪದಿದ್ದರೆ ವರ್ಷಕ್ಕೆ 18 ಪುಸ್ತಕ. ಹಬ್ಬ, ಜ್ವರ, ನೆಂಟರು, ಪರೀಕ್ಷೆಯ ಪೇಪರು ಕಳೆದರೆ ಹತ್ತು ಸಿಕ್ಕರೆ ಪುಣ್ಯ. ಎಸ್.ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಗ್ರಂಥಾಲಯದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯ ಉಳಿಸುವುದನ್ನು ಕುರಿತದ್ದು. ಅವರ ಮನಸ್ಸಿನಲ್ಲಿದ್ದದ್ದು ಗ್ರಂಥಾಲಯ ನಡೆಸುವವರು. ನಾನು ಅದನ್ನು ನನಗೇ ಹೇಳಿಕೊಂಡೆ.

ಅಂದಿನಿಂದ ಆರಿಸುವ ರೀತಿ ಬದಲಾಯಿತು. ಮುನ್ನುಡಿಯನ್ನು ಮೊದಲು ಓದುವುದಿಲ್ಲ. ಮುನ್ನುಡಿಯಲ್ಲಿ ಬಯ್ದವರನ್ನು ನಾನಂತೂ ಕಂಡಿಲ್ಲ. ಬೆನ್ನುಡಿಯನ್ನೂ, ಪ್ರಶಸ್ತಿಯ ಪಟ್ಟಿಯನ್ನೂ ಬದಿಗಿಟ್ಟು ಪುಸ್ತಕದ ನಡುವಿನ ಒಂದು ಪುಟ ತೆರೆಯುತ್ತೇನೆ. ಮೊದಲ ಪುಟಕ್ಕೆ ಎಲ್ಲರೂ ಅಂಗಳ ಗುಡಿಸಿ ರಂಗೋಲಿ ಹಾಕಿರುತ್ತಾರೆ, ಒಳಮನೆ ಹೇಗಿದೆ ಎಂದು ನಡುವಿನ ಪುಟ ಹೇಳುತ್ತದೆ. ಅಲ್ಲಿ ಒಂದೇ ಒಂದು ಸಂಗತಿ ಹುಡುಕುತ್ತೇನೆ. ಕತೆಯಲ್ಲಿ ಮುಖ್ಯಳಲ್ಲದ ಹೆಂಗಸನ್ನು, ಅತ್ತಿಗೆಯನ್ನೋ ಕೆಲಸದವಳನ್ನೋ ವಿಧವೆ ಅತ್ತೆಯನ್ನೋ, ಬರೆದವರು ಹೇಗೆ ನೋಡಿದ್ದಾರೆ?

ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' (1976) ನನಗೆ ಸಿಕ್ಕಿದ್ದು ಹೀಗೆಯೇ. ಬಾಲ್ಯದಲ್ಲೇ ವಿಧವೆಯಾಗಿ, ತಲೆ ಬೋಳಿಸಿಕೊಂಡು, ಮಡಿಯಲ್ಲೇ ಬಾಳು ಸವೆಸಿದವಳು ಫಣಿಯಮ್ಮ. ಅದೇ ಗತಿಗೆ ಒಪ್ಪದೆ ಎದುರು ನಿಲ್ಲುವ ಎಳೆಯ ವಿಧವೆ ದಾಕ್ಷಾಯಿಣಿ. ಬೇರೆ ಕಾದಂಬರಿಯಾಗಿದ್ದರೆ ಮುದುಕಿ ಹುಡುಗಿಯನ್ನು ಶಪಿಸುತ್ತಿದ್ದಳು. ಇಲ್ಲಿ ಫಣಿಯಮ್ಮ ಅವಳ ಪರ ನಿಲ್ಲುತ್ತಾಳೆ. ತಾನು ಪಟ್ಟ ಪಾಡು ಇನ್ನೊಬ್ಬಳಿಗೆ ಬೇಡ ಎಂಬ ಅರಿವು ಭಾಷಣವಿಲ್ಲದೆ ಬಂದಿದೆ. ಚಿಕ್ಕ ಪುಸ್ತಕ, ಮೂರ್ನಾಲ್ಕು ಬಾರಿ ಓದಿದ್ದೇನೆ. ಇಂದಿರಾ ಅವರ ಮೊದಲ ಕಾದಂಬರಿ 'ತುಂಗಭದ್ರ' 1963ರಲ್ಲಿ ಹೊರಬಂದಾಗ ಅವರಿಗೆ ನಲವತ್ತೈದು ದಾಟಿತ್ತು ಎನ್ನುವುದೂ ನಮ್ಮಂಥವರಿಗೆ ಸಮಾಧಾನ ಕೊಡುವ ವಿಷಯ.

ಇನ್ನು ಬಿಡುವ ವಿಚಾರ. ಈಗ ನಾನು ಬಿಡುವ ಪುಸ್ತಕಗಳಲ್ಲಿ ಹೆಚ್ಚಿನವು ಸುಳ್ಳು ಹೇಳುವ ಪುಸ್ತಕಗಳು. ದುಃಖವಿರಲಿ, ಸುಖವಿರಲಿ, ಹಾಗೆ ನಡೆಯುವುದಿಲ್ಲ ಎಂದು ಬರೆದವರಿಗೂ ಗೊತ್ತಿದ್ದು ಓದುಗರನ್ನು ಮೆಚ್ಚಿಸಲು ಬರೆದದ್ದು. ಇವಕ್ಕೆ 50 ಪುಟ ಕೊಡುತ್ತೇನೆ. ಬಿಟ್ಟರೆ ಮತ್ತೆ ತಿರುಗಿ ನೋಡುವುದಿಲ್ಲ.

ಆದರೆ ಬಿಟ್ಟದ್ದೆಲ್ಲ ಕೆಟ್ಟದ್ದಲ್ಲ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ಕಾದಂಬರಿಯನ್ನು ನಾನು ಎರಡು ಸಲ ಬಿಟ್ಟಿದ್ದೇನೆ, ಬಿ.ಎ. ಓದುವಾಗೊಮ್ಮೆ, ಬಿ.ಇಡಿ. ಓದುವಾಗ ಇನ್ನೊಮ್ಮೆ. ತೆಂಗಿನ ತೋಟದ ಬಯಲು ಸೀಮೆಯವಳಿಗೆ ಆ ಕಾಡು, ಆ ಮಾತು, ಅಷ್ಟೊಂದು ಮನೆ, ಅಷ್ಟೊಂದು ಹೆಸರು, ಒಂದೂ ಕೈಗೆ ಹತ್ತಲಿಲ್ಲ. ಮುಂದೆ ಕೆಲಸದ ಮೇಲೆ ತೀರ್ಥಹಳ್ಳಿ ಕಡೆ ಮೂರು ವರ್ಷ ಇರಬೇಕಾಯಿತು. ಹೊರಗೆ ಬಿಡದೆ ಹೊಡೆಯುವ ಮಳೆ, ಪಕ್ಕದ ಮನೆಯಲ್ಲಿ ಅದೇ ಮಾತು. ಮೂರನೆಯ ಸಲ ಒಂದು ನೋಟುಬುಕ್ಕಿನಲ್ಲಿ ಮನೆವಾರು ಹೆಸರು ಬರೆದುಕೊಂಡು ಓದಿದೆ. ಗುತ್ತಿಯೂ ಅವನ ನಾಯಿ ಹುಲಿಯನೂ ದಾರಿಯಲ್ಲಿ ಎದುರಾದರೆ ಗುರುತಿಸುವೆನೇನೋ ಅನ್ನುವಷ್ಟು ಹತ್ತಿರವಾದರು. ಪುಸ್ತಕ ಮೊದಲಿನದೇ, ಹೊತ್ತು ಕೂಡಿಬಂದಿತ್ತು. ಇಂಥವನ್ನು ಬಿಡುವಾಗ ಗುರುತಿಟ್ಟು ಬಿಡಬೇಕು.

ಇನ್ನೊಂದು ಪುಸ್ತಕ ಬಿಟ್ಟದ್ದನ್ನು ಹೇಳಲು ಈಗಲೂ ಸಂಕೋಚ. ಅದು ತ್ರಿವೇಣಿಯವರ 'ಶರಪಂಜರ'. ಪುಟ್ಟಣ್ಣ ಕಣಗಾಲರ ಸಿನಿಮಾದಲ್ಲಿ ಕಲ್ಪನಾ ಅವರನ್ನು ನೋಡಿದವರಿಗೆ ಕತೆ ಗೊತ್ತು. ಹೆರಿಗೆಯ ನಂತರ ಕಾವೇರಿಯ ಮನಸ್ಸು ಕೆಡುತ್ತದೆ, ಆಸ್ಪತ್ರೆಯಲ್ಲಿ ಗುಣವಾಗುತ್ತದೆ, ಅವಳು ಮನೆಗೆ ಬರುತ್ತಾಳೆ. ನಾನು ಪುಟ ಮಡಿಸಿ ಮುಚ್ಚಿದ್ದು ಅಲ್ಲಿಯೇ. ಕಾರಣ, ನಮ್ಮ ಮನೆಯಲ್ಲಿ ಚಿಕ್ಕಮ್ಮ ಇದ್ದಳು. ಎರಡನೆಯ ಬಾಣಂತನದಲ್ಲಿ ಅವಳಿಗೂ ಹಾಗೇ ಆಗಿ, ಆಸ್ಪತ್ರೆಯಿಂದ ಗುಣವಾಗಿ ಬಂದ ಮೇಲೂ ಗಂಡನ ಮನೆಯವರು ಕರೆಸಿಕೊಳ್ಳಲಿಲ್ಲ. ಮಕ್ಕಳನ್ನು ಅವರೇ ಇಟ್ಟುಕೊಂಡರು. ನಮ್ಮ ಮನೆಯಲ್ಲಿ ಅವಳನ್ನು ಪ್ರೀತಿಯಿಂದಲೇ ನೋಡಿಕೊಂಡೆವು ಎಂದು ನಾವು ತಿಳಿದಿದ್ದೆವು. ಆದರೆ ಅವಳ ಕೈಗೆ ಈಳಿಗೆಮಣೆ ಮಾತ್ರ ಯಾರೂ ಕೊಡುತ್ತಿರಲಿಲ್ಲ.

ಕೆಲವು ದಿನಗಳ ಮೇಲೆ ನೋಡಿದರೆ ಪುಸ್ತಕ ಚಿಕ್ಕಮ್ಮನ ದಿಂಬಿನ ಪಕ್ಕದಲ್ಲಿತ್ತು. ನನಗೆ ಎದೆ ಧಸಕ್ಕೆಂದಿತು. ಅವಳು ಸಮಾಧಾನವಾಗಿಯೇ, "ಇಲ್ಲಿ ಪುಟ ಮಡಿಸಿದ್ದು ನೀನೇನೇ? ಇಲ್ಲಿಂದ ಮುಂದೇನೇ ಕಣೇ ಕತೆ ಇರೋದು" ಎಂದಳು.

ಆ ರಾತ್ರಿ ಕೂತು ಮುಗಿಸಿದೆ. ಚಿಕ್ಕಮ್ಮ ಹೇಳಿದ್ದು ಸರಿ. ಕಾಯಿಲೆ ಬಂದದ್ದಷ್ಟೇ ಕಾವೇರಿಯ ದುರಂತವಲ್ಲ, ಗುಣವಾದದ್ದನ್ನು ಯಾರೂ ನಂಬದಿರುವುದು ದೊಡ್ಡ ದುರಂತ. ಅವಳು ನಕ್ಕರೂ ಅನುಮಾನ, ಸಿಟ್ಟಾದರೂ ಅನುಮಾನ. ಮನಶ್ಶಾಸ್ತ್ರ ಓದಿಕೊಂಡಿದ್ದ ತ್ರಿವೇಣಿ ಕಾಯಿಲೆಗಿಂತ ಆರೋಗ್ಯವಂತರ ಕಣ್ಣುಗಳನ್ನೇ ಹೆಚ್ಚು ಪರೀಕ್ಷಿಸಿದ್ದಾರೆ. ಆ ಕಣ್ಣುಗಳಲ್ಲಿ ನನ್ನವೂ ಇದ್ದವು. ಇಂಥ ಬರವಣಿಗೆಯನ್ನು 'ಅಡಿಗೆಮನೆ ಸಾಹಿತ್ಯ' ಎಂದು ತಳ್ಳಿಹಾಕಿದವರಿದ್ದಾರೆ. ಅಡಿಗೆಮನೆಯಲ್ಲಿ ಈಳಿಗೆಮಣೆ ಯಾರ ಕೈಗೆ ಕೊಡುತ್ತಾರೆ, ಯಾರ ಕೈಗೆ ಕೊಡುವುದಿಲ್ಲ ಎಂಬುದೂ ಸಾಹಿತ್ಯದ ವಿಷಯವೇ ಎಂದು ಅವರಿಗೆ ಹೊಳೆದಿರಲಾರದು. ತ್ರಿವೇಣಿ 1963ರಲ್ಲಿ, ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ವಯಸ್ಸು ಮೂವತ್ತೈದೂ ತುಂಬಿರಲಿಲ್ಲ.

ಮಾರನೆಯ ಬೆಳಿಗ್ಗೆ ಹುರುಳಿಕಾಯಿ ಹೆಚ್ಚಬೇಕಾಗಿತ್ತು. ನಾನು ಈಳಿಗೆಮಣೆಯನ್ನು ಚಿಕ್ಕಮ್ಮನ ಮುಂದೆ ಸರಿಸಿದೆ. ಅಮ್ಮ ಒಂದು ಕ್ಷಣ ನನ್ನ ಮುಖ ನೋಡಿ ಒಲೆಯ ಕಡೆ ತಿರುಗಿದಳು. ಚಿಕ್ಕಮ್ಮ ಏನೂ ಹೇಳದೆ ಹೆಚ್ಚಿಕೊಟ್ಟಳು, ನಾವು ಹೆಚ್ಚುವುದಕ್ಕಿಂತ ಸಣ್ಣಗೆ.

ಆದ್ದರಿಂದ ಗೆಳತಿಯರೇ, ಪುಸ್ತಕ ಬಿಡಲು ಹಿಂಜರಿಯಬೇಡಿ, ಆದರೆ ಕಾರಣ ಕೇಳಿಕೊಳ್ಳದೆ ಬಿಡಬೇಡಿ. ಪುಸ್ತಕ ಸುಳ್ಳು ಹೇಳುತ್ತಿದೆಯೇ? ನನಗಿನ್ನೂ ಹೊತ್ತು ಬಂದಿಲ್ಲವೇ? ಇಲ್ಲ, ಅದು ನಿಜ ಹೇಳುತ್ತಿರುವುದಕ್ಕೇ ನಾನು ಎದ್ದು ಹೋಗುತ್ತಿದ್ದೇನೆಯೇ? ಸುಳ್ಳಾದರೆ ಧಾರಾಳವಾಗಿ ಬಿಡಿ. ಹೊತ್ತು ಬಂದಿಲ್ಲವಾದರೆ ಕಾಯಿರಿ. ನಿಜ ತಡೆಯಲಾರದೆ ಬಿಡುತ್ತಿದ್ದರೆ ಪುಸ್ತಕವನ್ನು ಲೈಬ್ರರಿಗೆ ಹಿಂದಿರುಗಿಸದೆ ಒಂದೆರಡು ದಿನ ಮನೆಯಲ್ಲೇ ಇಟ್ಟುಕೊಳ್ಳಿ.

ನಮ್ಮ ಶಾಲೆಯ ಹುಡುಗಿ ವಾರ ಬಿಟ್ಟು ಬಂದಳು. "ಮಿಸ್, ಅದ್ರಲ್ಲಿ ಹಳ್ಳಿಯವ್ರು ಯಾರೂ ನಮ್ಮ ಥರ ಮಾತಾಡಲ್ಲ, ಅದಕ್ಕೇ ಬಿಟ್ಟೆ" ಎಂದಳು. ನಾನು ಬೀರು ತೆಗೆದು, ಈ ಸಲ ನೀನೇ ಆರಿಸಿಕೋ ಎಂದೆ. ಅವಳು ಒಂದೊಂದೇ ಪುಸ್ತಕ ಎಳೆದು, ನಡುವಿನ ಪುಟ ತೆರೆದು ನೋಡತೊಡಗಿದಳು. ಗಂಟೆ ಹೊಡೆದರೂ ನಾನು ಕೀಲಿ ಹಾಕಲಿಲ್ಲ.