ಶಾಕೊನ್ ಮತ್ತು ಗಿಟಾರು

ಪಿಟೀಲಿಗೆಂದು ಬರೆದ ಕೃತಿಯನ್ನು ಗಿಟಾರಿಗೆ ತರುವವನಿಗೆ ಸ್ವರ ಸೇರಿಸುವ ಚಪಲ ಬಹಳ. ಪಿಟೀಲಿಗೆ ನಾಲ್ಕು ತಂತಿ, ಗಿಟಾರಿಗೆ ಆರು. ಮಿಕ್ಕ ತಂತಿಗಳು ಅವನನ್ನು ಸುಮ್ಮನಿರಗೊಡುವುದಿಲ್ಲ. ಸ್ಪೇನಿನ ಆಂಡ್ರೆಸ್ ಸೆಗೋವಿಯಾ 1935ರಲ್ಲಿ ಪ್ಯಾರಿಸ್ಸಿನಲ್ಲಿ ನುಡಿಸಿದ, ಬಾಖನ 'ಶಾಕೊನ್'ನ ರೂಪಾಂತರವನ್ನು ಮೂಲದ ಪಕ್ಕದಲ್ಲಿಟ್ಟು ನೋಡಿದಾಗಲೆಲ್ಲ ನನಗೆ ಹೀಗೆನ್ನಿಸುತ್ತದೆ.

ಯೋಹಾನ್ ಸೆಬಾಸ್ಟಿಯನ್ ಬಾಖ್ ಒಂಟಿ ಪಿಟೀಲಿಗೆ ರಚಿಸಿದ ಆರು ಕೃತಿಗಳ ಹಸ್ತಪ್ರತಿಯ ಮೇಲೆ 1720 ಎಂಬ ವರ್ಷವಿದೆ. ಅವುಗಳಲ್ಲೊಂದಾದ ಡಿ ಮೈನರ್ ಪಾರ್ಟಿಟಾದ ಕೊನೆಯ ಭಾಗವೇ ಶಾಕೊನ್. ಮಂದ್ರಸ್ವರಗಳ ಚಿಕ್ಕದೊಂದು ಎಳೆ. ಅದರ ಮೇಲೆ ಸುಮಾರು ಕಾಲು ಗಂಟೆಯ ಕಾಲ ಒಂದಾದ ಮೇಲೊಂದು ಮೂಡುವ ಮಾರ್ಪಾಟುಗಳು. ಪಕ್ಕವಾದ್ಯವಿಲ್ಲ. ಪಿಟೀಲಿನ ಕುದುರೆ ಬಾಗಿರುವುದರಿಂದ ಕಮಾನು ಒಮ್ಮೆಗೆ ಎರಡು ತಂತಿಗಳನ್ನಷ್ಟೇ ನೆಮ್ಮದಿಯಾಗಿ ಹಿಡಿದಿಡಬಲ್ಲದು. ಆರಂಭದ ಮೂರು ನಾಲ್ಕು ಸ್ವರಗಳ ಗುಚ್ಛಗಳನ್ನು ವಾದಕ ಕೆಳಗಿನಿಂದ ಮೇಲಕ್ಕೆ ಒಡೆದೇ ನುಡಿಸಬೇಕು. ಆ ಒಡೆತದಲ್ಲಿ ಬೆಟ್ಟ ಹತ್ತುವವನ ಏದುಸಿರಿದೆ. ಮಂದ್ರಸ್ವರ ಮುಟ್ಟಿ ಮರೆಯಾಗುತ್ತದೆ. ಅದನ್ನು ಹಿಡಿದುಕೊಂಡಿರುವ ಕೆಲಸ ಕೇಳುವವನ ಕಿವಿಗೆ ಸೇರಿದ್ದು.

ಗಿಟಾರಿನಲ್ಲಿ ಅದೇ ಗುಚ್ಛ ಬೆರಳುಗಳಿಗೆ ಒಟ್ಟಿಗೆ, ಸಲೀಸಾಗಿ ಸಿಕ್ಕಿಬಿಡುತ್ತದೆ. ಸೆಗೋವಿಯಾ ಇಷ್ಟಕ್ಕೆ ನಿಲ್ಲದೆ, ಆರನೆಯ ತಂತಿಯನ್ನು ಡಿ ಸ್ವರಕ್ಕೆ ಇಳಿಸಿ ಪಿಟೀಲಿಗೆ ಎಟುಕದ ಮಂದ್ರವನ್ನು ಕೂಡಿಸಿದ; ಗುಚ್ಛಗಳನ್ನು ತುಂಬಿದ. ಗಿಟಾರನ್ನು ಕಚೇರಿಯ ವಾದ್ಯವೆಂದು ಜನರಿಂದ ಒಪ್ಪಿಸಬೇಕಾಗಿದ್ದ ಕಾಲ ಅದು. ಗಂಭೀರ ನಾದ ತೋರಿಸುವ ಅಗತ್ಯ ಆತನಿಗಿತ್ತು. ಆದರೂ ಪದ್ಯದ ಪಕ್ಕದಲ್ಲೇ ಭಾವಾರ್ಥವನ್ನು ಅಚ್ಚುಮಾಡಿದ ಹಾಗೆ ಕೇಳುತ್ತದೆ.

ಬಾಖನೇ ಹೀಗೆ ಮಾಡಲಿಲ್ಲವೇ ಎಂದು ಕೇಳಬಹುದು. ಮಾಡಿದ. ತನ್ನ ಐದನೆಯ ಚೆಲ್ಲೋ ಸೂಟನ್ನು ಲ್ಯೂಟಿಗೆ ಅಳವಡಿಸುವಾಗ ಮಂದ್ರಸ್ವರಗಳನ್ನು ಸೇರಿಸಿದ. ಇ ಮೇಜರ್ ಪಾರ್ಟಿಟಾದ ಪ್ರೆಲ್ಯೂಡನ್ನು 1731ರ ಕ್ಯಾಂಟಾಟಾ ಒಂದರಲ್ಲಿ ಆರ್ಗನ್ನಿಗೂ ವಾದ್ಯವೃಂದಕ್ಕೂ ಒಪ್ಪಿಸಿದ. ಮೀಟಿದ ತಂತಿಯ ನಾದ ಬೇಗ ಆರುತ್ತದೆ. ವೀಣೆ ಕೇಳಿ ಬೆಳೆದವರಿಗೆ ಇದನ್ನು ಹೇಳಬೇಕಾಗಿಲ್ಲ. ಕಮಾನು ಎಳೆದು ನಿಲ್ಲಿಸುತ್ತಿದ್ದ ಸ್ವರಕ್ಕೆ ಗಿಟಾರಿನಲ್ಲಿ ಏನಾದರೊಂದು ಆಸರೆ ಬೇಕು. ಏನನ್ನೂ ಸೇರಿಸಕೂಡದೆಂಬ ಮಡಿವಂತಿಕೆ ನನಗಿಲ್ಲ. ನಾದ ಆರುವೆಡೆ ಸೇರಿಸಿದ್ದನ್ನು ಒಪ್ಪುತ್ತೇನೆ. ತುಂಬಿದ ಗುಚ್ಛವನ್ನು ಮತ್ತೆ ತುಂಬಿಸಿದ್ದನ್ನು ಒಪ್ಪಲಾರೆ.

ಈ ವಿಷಯದಲ್ಲಿ ಬ್ರಾಮ್ಸ್ ಸೂಕ್ಷ್ಮಮತಿ. ಹತ್ತು ಬೆರಳಿಗೂ ಕೆಲಸ ಕೊಡುವ ಪಿಯಾನೋ ಮುಂದಿದ್ದರೂ, 1877ರಲ್ಲಿ ಆತ ಶಾಕೊನನ್ನು ಎಡಗೈ ಒಂದಕ್ಕೇ ಅಳವಡಿಸಿದ; ಬಹುಮಟ್ಟಿಗೆ ಒಂದು ಸ್ಥಾಯಿ ಕೆಳಗೆ, ಹೆಚ್ಚೇನನ್ನೂ ಸೇರಿಸದೆ. ಪಿಟೀಲುಗಾರನ ಕಷ್ಟದ ಒಂದು ಪಾಲು ಹೀಗೆ ಪಿಯಾನೋಗೂ ಬಂತು. ಅದರ ಮುಂದೆ ಬುಸೋನಿಯ ಎರಡು ಕೈಗಳ ರೂಪಾಂತರ ನನಗೆ ಮದುವೆಮನೆಯ ವೈಭವದಂತೆ ತೋರುತ್ತದೆ.

ಗಿಟಾರು ಗೆಲ್ಲುವ ಜಾಗಗಳೂ ಇವೆ. ಕೆಲವೆಡೆ ಬಾಖ್ ಬರಿಯ ಗುಚ್ಛಗಳನ್ನು ಬರೆದು, 'ಆರ್ಪೆಜಿಯೋ' ಎಂದಷ್ಟೇ ಸೂಚಿಸಿ, ಬಿಡಿಸುವ ಬಗೆಯನ್ನು ವಾದಕನಿಗೇ ಬಿಟ್ಟಿದ್ದಾನೆ. ಅಲ್ಲಿ ಬಲಗೈ ಬೆರಳುಗಳು ಕಮಾನಿಗಿಂತ ಹಾಯಾಗಿ ಓಡುತ್ತವೆ. ಕೊನೆಯ ಹತ್ತಿರ ಎ ತಂತಿ ಬಿಡಿಯಾಗಿ ಪದೇ ಪದೇ ಮಿಡಿಯುವ ಭಾಗವಂತೂ ಗಿಟಾರಿಗೆಂದೇ ಹುಟ್ಟಿದಂತಿದೆ. ಈಚೆಗೆ ಹಲವು ವಾದಕರು ಸೆಗೋವಿಯಾನ ಪ್ರತಿಯನ್ನು ಬದಿಗಿಟ್ಟು, ಪಿಟೀಲಿನ ಸ್ವರಲಿಪಿಯಿಂದಲೇ, ಅಲ್ಲೊಂದು ಇಲ್ಲೊಂದು ಮಂದ್ರ ಸೇರಿಸಿ ನುಡಿಸುತ್ತಾರೆ. ನಡುವೆ ಮೆಲ್ಲನೆ ಪ್ರವೇಶಿಸುವ ಡಿ ಮೇಜರ್ ಭಾಗ ಅಂಥವರ ಕೈಯಲ್ಲಿ ಎರಡು ಮೂರು ಎಳೆಗಳಲ್ಲೇ ಬರುತ್ತದೆ. ಸೆಗೋವಿಯಾನ ತುಂಬು ನಾದಕ್ಕಿಂತ ನನಗೆ ಅದೇ ಹೆಚ್ಚು ಹಿಡಿಸಿದೆ.