ಒಂಟಿ ನಾವಿಕನ ಬಂದರುಗಳು

ಕ್ಯಾಪ್ಟನ್ ಜೋಷುವಾ ಸ್ಲೋಕಮ್ ಎಂಬ ನಾವಿಕನು 1895ರ ಏಪ್ರಿಲ್ ತಿಂಗಳಲ್ಲಿ ಅಮೆರಿಕೆಯ ಬಾಸ್ಟನ್ ಬಂದರಿನಿಂದ 'ಸ್ಪ್ರೇ' ಎಂಬ ಹಾಯಿದೋಣಿಯಲ್ಲಿ ಹೊರಟು, ಒಬ್ಬನೇ ಭೂಮಂಡಲವನ್ನು ಸುತ್ತಿ, 1898ರ ಜೂನ್ ತಿಂಗಳಲ್ಲಿ ಸ್ವದೇಶಕ್ಕೆ ಹಿಂದಿರುಗಿದನು. ಆ ಯಾತ್ರೆಯನ್ನು ಕುರಿತು ಅವನು ಬರೆದ 'ಸೇಲಿಂಗ್ ಅಲೋನ್ ಅರೌಂಡ್ ದ ವರ್ಲ್ಡ್' ಎಂಬ ಗ್ರಂಥವು 1900ರಲ್ಲಿ ಪ್ರಕಟವಾಯಿತು. ಸುಮಾರು 46,000 ಮೈಲಿಗಳ ಸಾಹಸವೆಂದೇ ಇದನ್ನು ಹೊಗಳುವುದು ವಾಡಿಕೆ. ಆದರೆ ಗ್ರಂಥದ ಜೀವಾಳವಿರುವುದು ಬಿರುಗಾಳಿಯ ವರ್ಣನೆಗಿಂತಲೂ ಹೆಚ್ಚಾಗಿ ಬಂದರಿನ ಸ್ನೇಹಗಳಲ್ಲಿ. ವಾರಗಟ್ಟಲೆ ಮನುಷ್ಯರ ಮುಖವನ್ನೇ ಕಾಣದವನಿಗೆ ದಡದ ಒಂದು ಕುಶಲಪ್ರಶ್ನೆಯೂ ದೊಡ್ಡ ಸತ್ಕಾರವಾಗುತ್ತದೆ. ಸಮೋವ ದ್ವೀಪದಲ್ಲಿ ಕಾದಂಬರಿಕಾರ ಸ್ಟೀವನ್‌ಸನ್ನನ ವಿಧವೆಯು, ಪತಿಯು ಮತ್ತೆ ಮತ್ತೆ ಓದಿದ್ದ ನೌಕಾಮಾರ್ಗದರ್ಶಿ ಗ್ರಂಥಗಳನ್ನು ಈ ಹೊಸ ಅತಿಥಿಗೆ ಕೊಟ್ಟುಬಿಟ್ಟಳು. ಈ ಪ್ರಸಂಗವನ್ನು ಗ್ರಂಥಕರ್ತನು ಮಿತವಾದ ಮಾತಿನಲ್ಲಿ ಹೇಳುತ್ತಾನೆ; ಆ ಮಿತಿಯೇ ಅದರ ಸೊಗಸು.

ಆದರೂ ಒಂದು ಕೊರತೆಯನ್ನು ಹೇಳದಿರಲಾಗದು. ಅದಕ್ಕೂ ಮೊದಲು, ದಕ್ಷಿಣ ಅಮೆರಿಕೆಯ ತುದಿಯಲ್ಲಿರುವ ಪುಂಟಾ ಅರೆನಾಸ್ ಬಂದರಿನಲ್ಲಿ, ಸಾಂಬ್ಲಿಚ್ ಎಂಬ ಮಿತ್ರನು ಅವನಿಗೆ ಒಂದು ಚೀಲ ಸಣ್ಣ ಮೊಳೆಗಳನ್ನು ಕೊಟ್ಟಿದ್ದನು. ಮೆಗೆಲನ್ ಜಲಸಂಧಿಯ ಸಮೀಪದಲ್ಲಿ ಅವನು ಅವನ್ನು ದೋಣಿಯ ಹಲಗೆಗಳ ಮೇಲೆ ಹರಡಿ ಮಲಗಿದನು. ರಾತ್ರಿ ಬರಿಗಾಲಿನಲ್ಲಿ ಹತ್ತಿಬಂದ ಅಲ್ಲಿಯ ಮೂಲನಿವಾಸಿಗಳು ಮೊಳೆಗಳನ್ನು ತುಳಿದು ಕಿರುಚುತ್ತ ಓಡಿಹೋದರು. ಪ್ರಾಣಭಯವಿದ್ದವನು ಎಚ್ಚರ ವಹಿಸಿದುದು ತಪ್ಪಲ್ಲ. ಆದರೆ ಅವನಿಗೆ ಆ ನೋವು ವಿನೋದದ ವಸ್ತುವಾಗಿದೆ. ಸಮೋವದ ಜನರ ಔದಾರ್ಯವನ್ನು ಮನಸಾರೆ ಮೆಚ್ಚಿದ ಲೇಖನಿಯೇ ಈ ಜನರನ್ನು ಕಾಡರೆಂದು ಕರೆದು ಮುಂದೆ ಸಾಗುತ್ತದೆ. ಮಿತ್ರನ ಕಾಣಿಕೆಯೇ ಅನ್ಯರಿಗೆ ಮುಳ್ಳಾಯಿತೆಂಬ ಯೋಚನೆಯು ಅಲ್ಲಿ ಸುಳಿಯುವುದಿಲ್ಲ. ಲೋಕವನ್ನೆಲ್ಲ ಸುತ್ತಿದ ಸ್ನೇಹವು ಆ ದಡವನ್ನು ಮಾತ್ರ ಮುಟ್ಟದೆ ಹೋಯಿತು. ಈ ರಮ್ಯವಾದ ಗ್ರಂಥವನ್ನು ಓದುವವರು ಆ ಮೌನವನ್ನೂ ಓದತಕ್ಕದ್ದು.